ಗಂಟಲು ಮಾತ್ರ ನನ್ನದು

ಟೀವಿ ಧಾರಾವಾಹಿಯೊಂದರಲ್ಲಿ ಸೊಸೆಯನ್ನು ಹುರಿದು ಮುಕ್ಕುವ ಅತ್ತೆಯೊಬ್ಬಳಿದ್ದಾಳೆ. ಮುಖ ಬೇರೆ ಯಾರದ್ದೋ, ಗಂಟಲು ಮಾತ್ರ ನನ್ನದು. ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ನಾನು ಹಲ್ಲು ಕಡಿಯುತ್ತೇನೆ. ಪರದೆಯ ಮೇಲೆ ಆಕೆ ಕಣ್ಣು ಕೆಂಪಗೆ ಮಾಡುತ್ತಾಳೆ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನನ್ನ ಮಗ ಮೆಚ್ಚಿದ ಹುಡುಗಿಯನ್ನು ಸಾಕಿದ್ದು ಅವಳ ಅಜ್ಜಿ. ಮದುವೆಯ ಮಾತಾಡಲು ಅವರಿಗೆ ಫೋನ್ ಮಾಡಿ, "ನಮಸ್ಕಾರ, ಊಟ ಆಯ್ತಾ?" ಎಂದೆ. ಆ ಕಡೆ ಏನೋ ಬಿದ್ದ ಸದ್ದು. ಆಮೇಲೆ ಹುಡುಗಿ ಮಗನಿಗೆ ಹೇಳಿದಳಂತೆ: "ಅಜ್ಜಿ ಆ ಧ್ವನೀನ ದಿನಾ ಟೀವೀಲಿ ಕೇಳ್ತಾರೆ. ಸೊಸೆ ಹಾಲಿಗೆ ವಿಷ ಹಾಕಿದೋಳು ಇವಳೇ ಅಂತ ಹಟ ಹಿಡಿದಿದ್ದಾರೆ. ಅವರು ಒಪ್ಪದೆ ನಾನು ಮದುವೆ ಆಗಲ್ಲ."

ಮಗ ಊಟ ಬಿಟ್ಟು ಕೂತ. "ಅಮ್ಮಾ, ಸ್ವಲ್ಪ ಮೆಲ್ಲಗೆ ಮಾತಾಡೋಕಾಗ್ತಿರ್ಲಿಲ್ವಾ?"

"ಊಟ ಆಯ್ತಾ ಅನ್ನೋದನ್ನ ಇನ್ನೆಷ್ಟು ಮೆಲ್ಲಗೆ ಕೇಳ್ಲೋ?"

ಇದೆಲ್ಲ ಬರೀ ನಟನೆ ಎಂದು ಕಣ್ಣಾರೆ ನೋಡಲಿ ಅಂತ ಅಜ್ಜಿಯನ್ನು ಸ್ಟುಡಿಯೋಗೇ ಕರೆಸಿದೆ. ಮೊಮ್ಮಗಳ ಕೈ ಹಿಡಿದು ಬಂದವರು ನನ್ನಿಂದ ಆದಷ್ಟು ದೂರಕ್ಕೆ ಕುರ್ಚಿ ಎಳೆದುಕೊಂಡರು. ಧ್ವನಿಮುದ್ರಣ ಮಾಡುವಾತ ತನ್ನ ದಿಂಬನ್ನು ತೆಗೆದು ಅವರ ಬೆನ್ನಿಗಿಟ್ಟ. ಎಂದಿನಂತೆ ನನ್ನ ಪಕ್ಕ ಬಿಸಿನೀರಿನ ಲೋಟ ಇಟ್ಟ.

"ಈ ಹೊಸ್ತಿಲು ದಾಟಿದ್ರೆ ನಿನ್ನ ಕಾಲು ಮುರೀತೀನಿ!" ಎಂದು ಗುಡುಗಿದೆ. ಕೆಮ್ಮು ಬಂತು. ನೀರು ಕುಡಿದು ಮತ್ತೆ ಗುಡುಗಿದೆ. ಅಜ್ಜಿ ಎದ್ದೇ ಬಂದರು.

"ಏನಮ್ಮಾ ಇದು, ಹಿಂಗೆ ಕಿರುಚಿದ್ರೆ ಯಾವ ಸೊಸೆ ಹೆದರ್ತಾಳೆ? ನಮ್ಮತ್ತೆ ಒಂದು ದಿನಾನೂ ಜೋರಾಗಿ ಮಾತಾಡಿದವರಲ್ಲ. ನಾನು ಕಾಫಿ ಕೊಟ್ರೆ, ನೋಡಿ, ಹಿಂಗೆ."

ನನ್ನ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಂತೆ ಮಾಡಿದರು. ಅದರೊಳಗೆ ಇಣುಕಿದರು. ಟಕ್ ಎಂದು ಮೇಜಿನ ಮೇಲಿಟ್ಟರು. ಅಷ್ಟೇ. ನಾನು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದೆ.

ಧ್ವನಿಮುದ್ರಣದವನು ಹೆಡ್‌ಫೋನ್ ತೆಗೆದ. "ಅಜ್ಜೀ, ಇದರಲ್ಲಿ ಡೈಲಾಗೇ ಇಲ್ವಲ್ಲ!"

"ಅದಕ್ಕೇ ಕಣಪ್ಪ ನಾನು ನಡುಗ್ತಿದ್ದಿದ್ದು. ಮಾತಿಗಾದ್ರೆ ಎದುರು ಮಾತಾಡಬಹುದು. ಲೋಟಕ್ಕೆ ಏನಂತ ಹೇಳೋದು?" ನನ್ನ ಕಡೆ ತಿರುಗಿದರು. "ಎಲ್ಲಿ, ನೀವು ಮಾಡಿ."

ಲೋಟ ಕುಕ್ಕಿದೆ. ನೀರು ಅವರ ಕೈಮೇಲೆ ಚೆಲ್ಲಿತು. "ಅಯ್ಯೋ, ಸುಟ್ತಾ?" ಎಂದು ಕೈ ಹಿಡಿದುಕೊಂಡು, ಕರವಸ್ತ್ರದಿಂದ ಒರೆಸಿ ಊದತೊಡಗಿದೆ.

ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ. ಮೊಮ್ಮಗಳಿಗೆ ಹೇಳಿದರು: "ಇವರ ಕೈಲಾಗಲ್ಲ ಬಿಡೇ. ಧೈರ್ಯವಾಗಿ ಮದುವೆ ಮಾಡ್ಕೋ."

ನನ್ನ ಕಸುಬಿಗೆ ಇಂಥ ಅವಮಾನ ಯಾರೂ ಮಾಡಿರಲಿಲ್ಲ.

ಈಗ ಸೊಸೆ ಕೊಡುವ ಕಾಫಿಯಲ್ಲಿ ಆಗಾಗ ಸಕ್ಕರೆಯೇ ಇರುವುದಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗೆ ಕೆಳಗಿಡುತ್ತೇನೆ. ಆಮೇಲೆ ಗಂಟಲು ಬಿಚ್ಚುತ್ತೇನೆ: "ಸಕ್ಕರೆ ಮರೆತೋಳ ಕಾಲು ಮುರೀತೀನಿ!"

ಅಡುಗೆಮನೆಯಿಂದ ಮೊದಲು ನಗು ಬರುತ್ತದೆ, ಹಿಂದೆಯೇ ಸಕ್ಕರೆ ಡಬ್ಬಿ.