ನಿಶಾತ ನೋಡದ ಎಪಿಸೋಡು

ಹೂವಿನಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಹೆಂಗಸರಿಗೆ ಧಾರಾವಾಹಿ ನೋಡುವ ಭಾಗ್ಯವಿಲ್ಲ. ಮೊಗ್ಗು ಅರಳಿತೆಂದರೆ ಪೇಟೆಯಲ್ಲಿ ಅದನ್ನು ಯಾರೂ ಮೂಸಿಯೂ ನೋಡರು. ಹಾಗಾಗಿ ನಸುಕಿಗೇ ತೋಟದಲ್ಲಿರಬೇಕು, ಸಂಜೆ ಉಂಡ ಕೈ ತೊಳೆದವರೇ ಮಲಗಬೇಕು. ‘ಹೊಸ್ತಿಲಾಚೆ’ ಎಂಬ ದೆವ್ವದ ಧಾರಾವಾಹಿ ಶುರುವಾಗುವುದು ಅವರು ಗೊರಕೆ ಹೊಡೆಯುವ ಹೊತ್ತಿಗೆ.

ಈ ಕೊರತೆ ತುಂಬಿದವಳು ಹೊಲಿಗೆ ಅಂಗಡಿಯ ನಿಶಾತ. ಎಪಿಸೋಡು ನೋಡಿ, ಕಥೆಯ ಜೊತೆ ತನ್ನ ಟೀಕೆಯನ್ನೂ ಸೇರಿಸಿ, ವಾಟ್ಸಾಪ್ ಗುಂಪಿಗೆ ಧ್ವನಿಯಲ್ಲಿ ಕಳಿಸುತ್ತಿದ್ದಳು. ದೆವ್ವದ ರವಿಕೆಯ ತೋಳು ಹೇಗೆ ಕೆಟ್ಟಿದೆ, ಮಂತ್ರವಾದಿಯ ಗಡ್ಡ ಎಲ್ಲಿ ಕಿತ್ತು ಬಂದಿದೆ, ಯಾವುದನ್ನೂ ಬಿಟ್ಟವಳಲ್ಲ. ಹೆಂಗಸರು ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೇಳುತ್ತ, ನಗುತ್ತ ಮೊಗ್ಗು ಬಿಡಿಸುವರು. ಆ ಧ್ವನಿ ಕೊಟ್ಟೂರು, ಕೂಡ್ಲಿಗಿಯವರೆಗೂ ಹೋಗುತ್ತಿತ್ತು. ನಿಶಾತಳಿಗೆ ಹೆಸರು ಬಂತು. ಬಂದದ್ದು ತಲೆಗೂ ಏರಿತು.

ನಗದೆ ಕೇಳುತ್ತಿದ್ದವಳು ಹಂಪಕ್ಕ ಒಬ್ಬಳೇ. ಮಗಳೊಡನೆ ಜಗಳವಾಡಿಕೊಂಡೇ ಸತ್ತ ತಾಯಿಯೊಬ್ಬಳು ದೆವ್ವವಾಗಿ ಮಗಳ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಮಗಳು ಕರೆಯದೆ ಒಳಗೆ ಕಾಲಿಡುವಂತಿಲ್ಲ. ಇದು ಧಾರಾವಾಹಿಯ ಕಥೆ. ಹಂಪಕ್ಕನ ಮಗಳು ಕೀರ್ತನಾ ಮೆಚ್ಚಿದವನನ್ನು ಕಟ್ಟಿಕೊಂಡು ಹರಪನಹಳ್ಳಿ ಸೇರಿದ ಮೇಲೆ ತಾಯಿ ಮಗಳಿಗೆ ಮಾತಿರಲಿಲ್ಲ. ಈಗ ಕೀರ್ತನಾಳೇ ಹೇಳಿ ಕಳಿಸಿದ್ದಳು: ಶುಕ್ರವಾರ ಕೂಸನ್ನು ತೊಟ್ಟಿಲಿಗೆ ಹಾಕುವುದಿದೆ, ಅವ್ವನೇ ಬಂದು ಹಾಕಬೇಕು. ಹಂಪಕ್ಕನ ಮನಸ್ಸು ಒಮ್ಮೆ ಹೋಗೆನ್ನುವುದು, ಒಮ್ಮೆ ಬೇಡವೆನ್ನುವುದು. ಮಂಗಳವಾರ ಕೂಸಿನ ತಲೆಗೊಂದು ಕುಲಾಯಿ ಹೊಲಿಸಲು ಬಂದವಳು ಮೆಲ್ಲಗೆ ಬಾಯಿ ಬಿಟ್ಟಳು.

“ಇವತ್ತು ಆ ಹುಡುಗಿ ಬಾಗ್ಲ ತೆಗೀತಾಳೇನು ನೋಡಿ ಹೇಳವಾ. ತೆಗದ್ರ ನಾನೂ ಹೋಗ್ತೀನಿ.”

ಮುದುಕಿಯ ಹುಚ್ಚು ಎಂದುಕೊಂಡು ನಿಶಾತ ನಕ್ಕುಬಿಟ್ಟಳು.

ಅಂದು ಮದುವೆ ರವಿಕೆಗಳ ರಾಶಿ ಮುಗಿಸಿ ಟಿವಿಯ ಮುಂದೆ ಕೂತವಳಿಗೆ ಕೂತಲ್ಲೇ ನಿದ್ದೆ ಹತ್ತಿತು. ಎಚ್ಚರಾದಾಗ ನಸುಕಾಗಿತ್ತು. ಗುಂಪಿನಲ್ಲಿ ಆಗಲೇ ಕಥೆ ಎಲ್ಲಿ ಎಂಬ ತಗಾದೆ ಶುರುವಾಗಿತ್ತು. ನಿದ್ದೆ ಹೋದೆ ಎನ್ನಲು ಬಿಂಕ ಬಿಡಲಿಲ್ಲ. ಬಾಯಿಗೆ ಬಂದದ್ದು ಕಟ್ಟಿದಳು: ಮಗಳು ಕಿಟಕಿಯಲ್ಲಿ ಇಣುಕಿ ನೋಡಿ, ಚಿಲಕ ಹಾಕಿಕೊಂಡಳಂತೆ. ನಗಿಸಲೆಂದು ಮೇಲೊಂದು ಮಾತು ಬೇರೆ.

“ಅಂಥಾ ತಾಯಿಗೆ ಯಾರು ತೆಗೀತಾರ? ನಾನಾದ್ರೂ ತೆಗೀತಿರಲಿಲ್ಲ.”

ಮಧ್ಯಾಹ್ನ ಕೂತು ಮರುಪ್ರಸಾರ ನೋಡಿದಳು. ಮಗಳು ಬಾಗಿಲು ತೆರೆದು, ಬಾ ಅವ್ವಾ ಎಂದು ಕರೆದಿದ್ದಳು. ಆ ಗಳಿಗೆಯಲ್ಲೇ ನಿಜ ಹೇಳಬಹುದಿತ್ತು. ಆದರೆ ಹೇಳಿದರೆ ತನ್ನ ಮಾತನ್ನು ಇನ್ನು ಯಾರು ನಂಬುತ್ತಾರೆ? ಶುಕ್ರವಾರಕ್ಕೆ ಇನ್ನೂ ಹೊತ್ತಿದೆ, ನಾಳೆ ಹೇಳಿದರಾಯಿತು ಎಂದುಕೊಂಡಳು. ಗುರುವಾರವೂ ಹಾಗೇ ಅಂದುಕೊಂಡಳು. ಅಷ್ಟು ಸಣ್ಣ ಹೆಸರಿಗೆ ಅಷ್ಟು ದೊಡ್ಡ ಜಿಪುಣತನ.

ಹಂಪಕ್ಕ ಹೋಗಲೇ ಇಲ್ಲವೆಂದು ತಿಳಿದದ್ದು ಶನಿವಾರ. ನಿಶಾತ ಅಂಗಡಿ ಮುಚ್ಚಿ ಅವಳ ಮನೆಗೆ ಓಡಿದಳು, ತಾನು ನಿದ್ದೆ ಹೋದದ್ದು, ಸುಳ್ಳು ಕಟ್ಟಿದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು ಎಲ್ಲ ಹೇಳಿದಳು. ತಪ್ಪಾಯಿತೆಂದು ಅತ್ತಳು. ಹಂಪಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಮಗಳು ಮತ್ತೆ ಮತ್ತೆ ಫೋನು ಮಾಡಿದ್ದಳಂತೆ, ಇವಳು ಎತ್ತಿರಲಿಲ್ಲ. ಕೂಸನ್ನು ಕೊನೆಗೆ ಬೀಗತಿಯೇ ತೊಟ್ಟಿಲಿಗೆ ಹಾಕಿದಳು. ಸಂಜೆ ಫೋನು ಎತ್ತಿದಾಗ ಮಗಳು ಆಡಿದ್ದು ಒಂದೇ ಮಾತು.

“‘ಇನ್ನ ನಾ ಕರಿಯಂಗಿಲ್ಲವ್ವಾ’ ಅಂದು ಇಟ್ಟುಬಿಟ್ಲು,” ಎಂದಳು ಹಂಪಕ್ಕ. ಆಮೇಲೆ ಕೇಳಿದಳು, “ಆ ಟಿವ್ಯಾಗಿನ ತಾಯಿ ಒಳಗ ಹೋದ್ಲಾ?”

“ಹೋದ್ಲು, ಹಂಪಕ್ಕಾ.”

“ಪುಣ್ಯವಂತಿ. ಸತ್ತ ಮ್ಯಾಲಾದ್ರೂ ಹೋದ್ಲು.”