ಬಂಕರ್ ಬಾಗಿಲಿನ ಪರೀಕ್ಷೆ

ನಮ್ಮ ಕಟ್ಟಡದ ಕೆಳಗೆ ಲೋಕದ ಕೊನೆಗೆಂದೇ ಕಟ್ಟಿಸಿದ ಕೋಣೆಯೊಂದಿದೆ. ಇದರಲ್ಲಿ ಹೆಚ್ಚುಗಾರಿಕೆಯೇನಿಲ್ಲ, ಸ್ವಿಟ್ಜರ್ಲೆಂಡಿನಲ್ಲಿ ಅದಿಲ್ಲದ ಮನೆಯನ್ನು ಹುಡುಕಿಕೊಂಡು ಹೋಗಬೇಕು. ದಪ್ಪ ಕಾಂಕ್ರೀಟಿನ ಬಾಗಿಲು, ಗಾಳಿ ಸೋಸುವ ಯಂತ್ರ, ಕರೆಂಟು ಹೋದರೆ ಅದನ್ನು ಕೈಯಲ್ಲೇ ತಿರುಗಿಸಲು ಒಂದು ಹಿಡಿಕೆ. ಕಟ್ಟಿಸಿದವರ ತಲೆಯಲ್ಲಿ ಅಣುಬಾಂಬಿತ್ತು. ನಾವು ಅಲ್ಲಿ ಸ್ಕೀ ಹಲಗೆಗಳನ್ನು, ವೈನನ್ನು, ಏಪ್ರಿಕಾಟ್ ಜಾಮಿನ ಬಾಟಲಿಗಳನ್ನು ಇಟ್ಟುಕೊಂಡಿದ್ದೆವು. ಎರಡನೇ ಮಹಡಿಯ ಮಾರ್ಗ್ರಿಟ್ ಎಗ್ಲಿ ಅಲ್ಲಿ ಕಾರ್ನೆಟ್ ಊದುತ್ತಿದ್ದಳು.

ಕಾರ್ನೆಟ್ ಎಂದರೆ ತುತ್ತೂರಿಯ ಗಿಡ್ಡ ತಂಗಿ. ಬೇರೆ ಯಾವ ಕೋಣೆಯಲ್ಲೂ ಅದನ್ನು ಊದುವಂತಿಲ್ಲ. ಮಧ್ಯಾಹ್ನ ಊಟದ ಹೊತ್ತು ಸದ್ದು ಮಾಡಬಾರದು, ಸಂಜೆ ಮೇಲೆ ಮಾಡಬಾರದು, ಭಾನುವಾರವಂತೂ ಸೀನುವುದಕ್ಕೂ ಕರವಸ್ತ್ರ ಬೇಕು ಎಂಬಂಥ ನಿಯಮಗಳ ಮನೆ ನಮ್ಮದು. ಮಿಕ್ಕ ಹೊತ್ತಿನಲ್ಲಿ ಊದಬಹುದಿತ್ತು. ಆದರೆ ಆಗ ಮೂರನೇ ಮಹಡಿಯ ಆಲೋಯ್ಸ್ ಗಿಸ್ಲರ್ ಅವರು ತಮ್ಮ ನೆಲವನ್ನು, ಅಂದರೆ ಮಾರ್ಗ್ರಿಟ್‌ಳ ಸೂರನ್ನು, ಪೊರಕೆಯ ಹಿಡಿಯಿಂದ ಕುಟ್ಟುತ್ತಿದ್ದರು.

ಮಾರ್ಗ್ರಿಟ್‌ಗೆ ಆಗ ಐವತ್ತೆಂಟು. ಹರೆಯದಿಂದ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವಳು. ಕಚೇರಿ ಮುಚ್ಚಿತು, ಈಗ ದಿನಸಿ ಅಂಗಡಿಯಲ್ಲಿ ಚೀಸು ಕತ್ತರಿಸುವ ಹುಡುಗಿಯೇ ಪಾರ್ಸೆಲನ್ನೂ ತೂಗುತ್ತಾಳೆ. ಮನೆಯಲ್ಲಿ ಕೂತ ಮಾರ್ಗ್ರಿಟ್ ಇಡೀ ಚಳಿಗಾಲ ಸುದ್ದಿಗಾಗಿ ಫೋನು ಉಜ್ಜಿದಳು. ಯುದ್ಧ, ಕರಗುವ ಹಿಮನದಿ, ಬಾರದ ಕರೆಂಟು, ಬರಲಿರುವ ಉಲ್ಕೆ. ನಾನು ನೆಲಮಹಡಿಯವಳು, ಅವಳ ಹಳೆಯ ಗೆಳತಿ, ಗ್ರಂಥಾಲಯದಿಂದ ನಿವೃತ್ತಳು. ಮೆಟ್ಟಿಲಲ್ಲಿ ಸಿಕ್ಕಾಗ ನಮಸ್ಕಾರದ ಬದಲು "ಇವತ್ತೇನ್ ಮುಗಿಯುತ್ತಂತೆ?" ಎಂದು ಕೇಳುವುದು ನನಗೆ ರೂಢಿಯಾಗಿಹೋಗಿತ್ತು. ಅವಳ ಬಳಿ ದಿನಕ್ಕೊಂದು ಉತ್ತರವಿರುತ್ತಿತ್ತು.

ಅಷ್ಟರಲ್ಲಿ ಊರಿನ ವಾದ್ಯಮೇಳದಲ್ಲಿ ಮೊದಲ ಕಾರ್ನೆಟ್ಟಿನ ಕುರ್ಚಿ ಖಾಲಿಯಾಯಿತು. ಮದುವೆಗೆ ಮುಂಚೆ ಮಾರ್ಗ್ರಿಟ್ ಅದೇ ಮೇಳದಲ್ಲಿ ಮೂರನೇ ಸಾಲಿನಲ್ಲಿ ಕೂತು ಊದಿದವಳು. ಮೂರನೇ ಸಾಲು ಎಂದರೆ ಕೇಳಿಸಿದರೂ ಸರಿ, ಕೇಳಿಸದಿದ್ದರೆ ಇನ್ನೂ ಸರಿ ಎನ್ನುವ ಸಾಲು. "ನಿನ್ನ ತುಟಿಗೆ ಇಷ್ಟೇ ಸಾಕು" ಎಂದು ಅವಳ ಅಪ್ಪನೇ ಹೇಳುತ್ತಿದ್ದರಂತೆ. ಈಗ ಅವಳು ಮೇಳದ ನಿರ್ದೇಶಕ ರೇಟೊ ಇಂಬೋಡನ್ ಎದುರು ಹೋಗಿ ನಿಂತಳು. ಇಂಬೋಡನ್ ವಾರವಿಡೀ ಹಲ್ಲಿನ ಡಾಕ್ಟರು, ಬಾಯಿ ನೋಡಿಯೇ ಸ್ವರ ಹೇಳುವವನು. "ಮಾರ್ಚ್ ಕೊನೆ ಶನಿವಾರ, ಎರಡು ಗಂಟೆಗೆ, ಇಡೀ ಮೇಳದ ಮುಂದೆ ಊದಿ ತೋರ್ಸಿ" ಎಂದ. "ಸರಿಯಾಗಿ ಬಂದ್ರೆ ಕುರ್ಚಿ ನಿಮ್ದು. ಬರ್ಲಿಲ್ಲ ಅಂದ್ರೆ ಮೂರನೇ ಸಾಲಲ್ಲಿ ಯಾವಾಗ್ಲೂ ಜಾಗ ಇದೆ."

ಆ ಕೊನೆಯ ಮಾತೇ ಅವಳಿಗೆ ಚುಚ್ಚಿದ್ದು.

ಊದಬೇಕಾದ ಹಾಡಿನ ಕೊನೆಗೆ ಒಂದು ಏರುಸ್ವರವಿತ್ತು. ಮೆಲ್ಲಗೆ ಹತ್ತಿ, ಅಲ್ಲೇ ನಿಂತು, ಮೆಲ್ಲಗೆ ಆರಬೇಕು. ಮಾರ್ಗ್ರಿಟ್ ಹತ್ತುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಕೋಳಿಮರಿ ತುಳಿದಂಥ ಸದ್ದಾಗುತ್ತಿತ್ತು. ಆದರೂ ಬಂಕರಿಗೆ ಇಳಿಯತೊಡಗಿದ ಮೇಲೆ ಅವಳಲ್ಲಿ ಏನೋ ಬದಲಾಯಿತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಒಂದು ದಿನ ನಾನು ಅಭ್ಯಾಸದಂತೆ ಏನು ಮುಗಿಯುತ್ತಂತೆ ಎಂದು ಕೇಳಿದರೆ, "ಗೊತ್ತಿಲ್ಲ ಕಣೇ, ನೋಡ್ಲೇ ಇಲ್ಲ" ಎಂದಳು. ಆಮೇಲೆ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡು ಬೆರಗಾದಳು.

ಗಿಸ್ಲರ್ ತಲೆಹಾಕಿದ್ದು ಆಗ. ವಿಮಾ ಕಂಪನಿಯಲ್ಲಿ ಆಲಿಕಲ್ಲಿನ ಹಾನಿ ಅಂದಾಜು ಮಾಡುವ ಕೆಲಸದಲ್ಲಿದ್ದವರು ಅವರು. ಬದುಕೆಲ್ಲ ನಡೆದುಹೋದ ಅನಾಹುತವನ್ನು ಅಳೆದು, ನಿವೃತ್ತರಾದ ಮೇಲೆ ನಡೆಯಲಿರುವುದನ್ನು ಅಳೆಯತೊಡಗಿದರು. ಬವೇರಿಯಾದ ಯಾವನೋ ಒಬ್ಬ ಇಂಟರ್ನೆಟ್ಟಿನಲ್ಲಿ ಗ್ರಹ, ಪಿರಮಿಡ್ಡು, ಬೈಬಲು ಎಲ್ಲವನ್ನೂ ಕೂಡಿಸಿ ಕಳೆದು ಲೋಕ ಮುಗಿಯಲು ಒಂದು ದಿನ ಗೊತ್ತುಮಾಡಿದ್ದ. ಗಿಸ್ಲರ್ ಕಟ್ಟಡದವರನ್ನೆಲ್ಲ ಬಟ್ಟೆ ಒಗೆಯುವ ಕೋಣೆಗೆ ಸಭೆಗೆ ಕರೆದರು.

"ಮಾರ್ಚ್ ಕೊನೆ ಶನಿವಾರ," ಎಂದರು. "ಮಧ್ಯಾಹ್ನದ ಮೇಲೆ."

"ಶನಿವಾರವಾ?" ಎಂದರು ಮೊದಲ ಮಹಡಿಯ ಮುದುಕಿ ಫ್ರೌ ಮೌರರ್, ಅಂದರೆ ಶ್ರೀಮತಿ ಮೌರರ್. "ಆಗಲ್ಲ. ಅವತ್ತು ನಂದು ಬಟ್ಟೆ ಒಗೆಯೋ ಪಾಳಿ."

"ಫ್ರೌ ಮೌರರ್, ನಾನು ತಮಾಷೆ ಮಾಡ್ತಿಲ್ಲ."

"ನಾನೇನ್ ತಮಾಷೆ ಮಾಡ್ತಿದೀನಾ? ಹೋದ್ಸಲ ಪಾಳಿ ತಪ್ಪಿ ಹದಿನೈದು ದಿನ ಕಾದಿದೀನಿ."

ಆದರೆ ನಿಯಮ ಗಿಸ್ಲರ್ ಕಡೆಗಿತ್ತು. ಹೊತ್ತು ಬಂದಾಗ ಬಂಕರನ್ನು ಖಾಲಿ ಮಾಡಿಕೊಡತಕ್ಕದ್ದು ಎಂದು ಕಾಯಿದೆಯೇ ಇದೆ, ಮತ್ತು ನಮ್ಮ ಜನ ಪ್ರಳಯವನ್ನು ನಂಬದಿದ್ದರೂ ಕಾಯಿದೆಯನ್ನು ನಂಬುತ್ತಾರೆ. ಕೈ ಎತ್ತಿಸಿದ್ದಾಯಿತು. ಸ್ಕೀ ಹಲಗೆ ಹೊರಗೆ, ಮುರಿದ ತೊಟ್ಟಿಲು ಹೊರಗೆ, ವೈನು ಒಳಗೇ ಇರಲಿ ಎಂದು ಸರ್ವಾನುಮತ. ಕಾರ್ನೆಟ್ ಹೊರಗೆ.

ಮಾರ್ಗ್ರಿಟ್ ಮುಖ ಇಳಿಯಿತು. ಪರೀಕ್ಷೆಗೆ ಉಳಿದಿದ್ದುದು ಒಂದು ವಾರ. ಅವಳು ಎದ್ದು ಬಾಗಿಲವರೆಗೆ ಹೋಗಿ ತಿರುಗಿದಳು.

"ಹೆರ್ ಗಿಸ್ಲರ್, ಆ ಬಾಗಿಲು ಗಟ್ಟಿ ಇದೆ ಅಂತ ನಿಮಗೆ ಹೇಗ್ ಗೊತ್ತು?"

"ಕಾಂಕ್ರೀಟು, ಫ್ರೌ ಎಗ್ಲಿ."

"ಕಾಂಕ್ರೀಟ್ ಸರಿ. ಅಂಚಿನ ರಬ್ಬರು? ಇಷ್ಟು ವರ್ಷದಲ್ಲಿ ಯಾರಾದ್ರೂ ಪೂರ್ತಿ ಮುಚ್ಚಿ ನೋಡಿದಾರಾ? ಸದ್ದು ಹೊರಗೆ ಬಂದ್ರೆ ಗಾಳಿನೂ ಒಳಗೆ ಹೋಗುತ್ತೆ. ನಾನು ಒಳಗೆ ಊದ್ತೀನಿ. ನೀವು ಹೊರಗೆ ನಿಂತು ಕೇಳಿ."

ಗಿಸ್ಲರ್ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ತಪಾಸಣೆಯ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ! "ಒಂದ್ಸಲ ಸಾಲ್ದು," ಎಂದರು. "ರಬ್ಬರು ಚಳಿಗೊಂದು ಥರ, ಬಿಸಿಲಿಗೊಂದು ಥರ. ದಿನಾ ನೋಡ್ಬೇಕು."

"ದಿನಾ ನೋಡೋಣ," ಎಂದಳು ಮಾರ್ಗ್ರಿಟ್, ಸ್ವಲ್ಪವೂ ನಗದೆ.

ಹೀಗೆ ಅವಳ ಕಾರ್ನೆಟ್ಟು ಮನೆಯ ಅಧಿಕೃತ ಉಪಕರಣವಾಯಿತು. ದಿನವೂ ಹತ್ತು ಗಂಟೆಗೆ ಅವಳು ಒಳಗೆ ಹೋಗುವಳು, ಗಿಸ್ಲರ್ ಬಾಗಿಲನ್ನು ಭುಜಕೊಟ್ಟು ಮುಚ್ಚುವರು, ಮಡಿಸುವ ಕುರ್ಚಿ ಹಾಕಿಕೊಂಡು ಕಿವಿಗೆ ಅಂಗೈ ಆನಿಸಿ ಕೂರುವರು. ಹೊರಗೆ ಬಂದಾಗ ಅವಳು ಕೇಳುವಳು: "ಏನಾದ್ರೂ?" ಅವರು: "ನಿಶ್ಶಬ್ದ. ನಾಳೆ ನೋಡೋಣ."

ಅದೇ ಬೇಕಾಗಿತ್ತು ಅವಳಿಗೆ. "ಒಳಗಡೆ ಯಾರೂ ಇಲ್ಲ ಕಣೇ," ಎಂದಳು ನನ್ನ ಅಡುಗೆಮನೆಯಲ್ಲಿ ಕಾಫಿಗೆ ಕೂತು. "ನ್ಯೂಸ್ ಇಲ್ಲ, ಅಪ್ಪ ಇಲ್ಲ, ಪೊರಕೆ ಇಲ್ಲ. ತಪ್ಪಿದ್ರೆ ಗೋಡೆಗೆ ಮಾತ್ರ ಗೊತ್ತಾಗುತ್ತೆ. ಉಸಿರು ಹೊಟ್ಟೆಯಿಂದ ಎಳೀತೀನಿ, ಸ್ವರ ಒಂದೇ ಇರುತ್ತೆ ಎದುರಿಗೆ." ಅವಳ ಮೇಲ್ತುಟಿಯಲ್ಲಿ ಕಾರ್ನೆಟ್ಟಿನ ಬಾಯಿ ಒತ್ತಿದ ಕೆಂಪು ಬಳೆ. ಅದಕ್ಕೆ ಅವಳು ಪೌಡರು ಬಳಿಯುತ್ತಿರಲಿಲ್ಲ. ಅಂಗಡಿಗೂ ಹಾಗೇ ಹೋಗುತ್ತಿದ್ದಳು.

ಶನಿವಾರ ಒಂದು ಗಂಟೆಗೆ ಆಕಾಶ ತೊಳೆದಿಟ್ಟಂತಿತ್ತು. ನೆಲಮಾಳಿಗೆಯಲ್ಲಿ ಗಿಸ್ಲರ್ ಬೆನ್ನಿಗೆ ಚೀಲ ಏರಿಸಿ ಬಂಕರಿನ ಮುಂದೆ ನಿಂತಿದ್ದರು. ಪಕ್ಕದ ಕೋಣೆಯಲ್ಲಿ ಫ್ರೌ ಮೌರರ್ ಅವರ ಹೊದಿಕೆಗಳು ಯಂತ್ರದಲ್ಲಿ ಸುತ್ತುತ್ತಿದ್ದವು. ನೀಲಿ ಕೋಟು ತೊಟ್ಟ ಮಾರ್ಗ್ರಿಟ್ ಕಾರ್ನೆಟ್ಟಿನ ಪೆಟ್ಟಿಗೆ ಹಿಡಿದು ಇಳಿದು ಬಂದಳು, ಹೋಗಿಬರುತ್ತೇನೆ ಎನ್ನುವುದಕ್ಕೆ. ನಾನು ಅವಳ ಹಿಂದೆ.

"ಒಳಗೆ ಬನ್ನಿ, ಫ್ರೌ ಎಗ್ಲಿ. ನಿಮ್ ಜಾಗ ಗಾಳಿಯಂತ್ರದ ಪಕ್ಕ."

"ನನಗೆ ಎರಡು ಗಂಟೆಗೆ ಕೆಲಸ ಇದೆ."

"ಎರಡು ಗಂಟೆಗೆ ಯಾರಿಗೂ ಕೆಲಸ ಇರಲ್ಲ."

"ನನಗಿದೆ."

ಸೋಪಿನ ಕೈ ಒರೆಸಿಕೊಳ್ಳುತ್ತ ಫ್ರೌ ಮೌರರ್ ಹೊರಬಂದರು. "ಹೋಗ್ಲಿ ಬಿಡ್ರಿ ಅವಳು. ನನ್ ಯಂತ್ರ ನಿಂತ್ಮೇಲೆ ನಾನಾದ್ರೂ ಬರ್ತೀನಿ ಒಳಗೆ, ವೈನ್ ಇದ್ಯಲ್ಲ. ಆದ್ರೆ ಒಂದ್ ಹೇಳಿ, ಬಾಗಿಲು ಗಟ್ಟಿ ತಾನೆ?"

ಗಿಸ್ಲರ್ ಚೀಲದ ಪಟ್ಟಿ ಸರಿಮಾಡಿಕೊಂಡರು. ಸುಳ್ಳು ತಪಾಸಣಾ ವರದಿಯ ಮೇಲೆ ಒಬ್ಬ ಮುದುಕಿಯನ್ನು ಒಳಗೆ ಕೂರಿಸುವುದು ಅವರಿಂದಾಗಲಿಲ್ಲ ಎಂದು ಕಾಣುತ್ತದೆ.

"ಗಟ್ಟಿ ಇಲ್ಲ," ಎಂದರು. "ಕೆಳಗಡೆ ರಬ್ಬರು ಒಣಗಿಹೋಗಿದೆ. ಮೊದಲ ದಿನದಿಂದ ಎಲ್ಲಾ ಕೇಳಿಸ್ತಿತ್ತು."

"ಮತ್ತೆ ದಿನಾ ನಿಶ್ಶಬ್ದ ಅಂದ್ರಿ!" ಎಂದೆ ನಾನು.

"ಹೇಳಿದ್ರೆ ಅವರು ನಿಲ್ಲಿಸ್ಬಿಡ್ತಿದ್ರು."

ಮಾರ್ಗ್ರಿಟ್ ಮುಖ ಸುಣ್ಣದಂತಾಯಿತು. "ಎಲ್ಲಾ ಕೇಳಿದ್ರಾ? ಸೋಮವಾರದ್ದೂ?"

"ಸೋಮವಾರ..." ಗಿಸ್ಲರ್ ಯೋಚಿಸಿದರು, ಅಂದಾಜಿನಲ್ಲಿ ಅವರು ದಾಕ್ಷಿಣ್ಯ ತೋರಿದವರಲ್ಲ. "ಸೋಮವಾರ ಆಲಿಕಲ್ಲು ಬಿದ್ದ ಗಾಜಿನ ಮನೆ. ಬುಧವಾರ ಅರ್ಧ ಚಾವಣಿ ಉಳೀತು. ನಿನ್ನೆ ಒಂದ್ ಹೆಂಚೂ ಒಡೆದಿರ್ಲಿಲ್ಲ, ಫ್ರೌ ಎಗ್ಲಿ. ಒಂದೂ."

ಅವಳು ತಿರುಗಿ ಮೆಟ್ಟಿಲು ಹತ್ತಿದಳು.

ಮೇಳ ಸೇರುವ ಶಾಲೆಯ ಗುಡ್ಡ ಏರುವಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರೂ ಕೇಳುತ್ತಿಲ್ಲ ಎಂಬ ಧೈರ್ಯದ ಮೇಲೆ ಕಟ್ಟಿದ ಸ್ವರ ಅದು. ಆ ಧೈರ್ಯವನ್ನು ಗಿಸ್ಲರ್ ಅತ್ಯಂತ ಪ್ರಾಮಾಣಿಕವಾಗಿ ಕೆಡವಿಹಾಕಿದ್ದರು. ಚರ್ಚಿನ ತಿರುವಿನವರೆಗೂ ಮಾರ್ಗ್ರಿಟ್ ನನ್ನ ಮುಂದೆಯೇ ನಡೆದಳು. ಅಲ್ಲಿ ನಿಂತಳು.

"ನಿನ್ನೆ ಚೆನ್ನಾಗ್ ಬಂದಿತ್ತು," ಎಂದಳು. "ನನಗೂ ಹಾಗೇ ಅನ್ಸಿತ್ತು. ಸುಮ್ನೆ ನನಗೆ ಅನ್ಸಿದ್ದೇನೋ ಅಂತ ಅನುಮಾನ ಇತ್ತು."

"ಈಗ?"

"ಈಗ ಸಾಕ್ಷಿ ಇದೆಯಲ್ಲ. ಆ ಮುದುಕ ನನ್ನ ಹೊಗಳೋಕೆ ಯಾವತ್ತಾದ್ರೂ ಬಾಯಿ ಬಿಟ್ಟಿದಾನಾ? ನಡಿ, ತಡ ಆಯ್ತು."

ಶಾಲೆಯ ಕಸರತ್ತು ಕೋಣೆಯಲ್ಲಿ ಮೇಳ ಅರ್ಧವೃತ್ತವಾಗಿ ಕೂತಿತ್ತು. ಖಾಲಿ ಕುರ್ಚಿಯತ್ತ ಕಾಲು ಚಾಚಿ ಕೂತಿದ್ದ, ಟ್ರಾಂಬೋನ್ ಊದುವ ಬೊಜ್ಜಿನ ಹಳಬ ಕರ್ಟ್ ವಿಕಿ, "ಓಹೋ, ಮೂರನೇ ಸಾಲಿನ ಮಾರ್ಗ್ರಿಟ್! ದಾರಿ ತಪ್ಪಿ ಬಂದ್ಯೇನೆ?" ಎಂದ. ಒಂದಿಬ್ಬರು ನಕ್ಕರು. ಅವಳು ಪೆಟ್ಟಿಗೆ ತೆರೆದು, ಕಾರ್ನೆಟ್ಟನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, ನಡುವೆ ಬಂದು ನಿಂತಳು.

ಆರಂಭ ಚೆನ್ನಾಗಿತ್ತು, ಅದನ್ನು ಎಲ್ಲರೂ ಮಾಡುತ್ತಾರೆ. ಹಾಡಿನ ನಡುವೆ ಯಾರದೋ ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು, ಎಲ್ಲೋ ಏನೋ ಆಗಿದೆ ಎನ್ನುವ ಸದ್ದು. ಅರ್ಧ ಮೇಳದ ಕಣ್ಣು ಅತ್ತ ಹೋಯಿತು. ಕರ್ಟ್ ವಿಕಿ ತನ್ನದನ್ನೂ ತೆಗೆದು ನೋಡಿದ. ಮೂರು ತಿಂಗಳ ಹಿಂದೆ ಆ ಸದ್ದಿಗೆ ಮೊದಲು ತಿರುಗುತ್ತಿದ್ದವಳೇ ಮಾರ್ಗ್ರಿಟ್. ಈಗ ಅವಳ ರೆಪ್ಪೆಯೂ ಅಲುಗಲಿಲ್ಲ. ಅವಳ ಭುಜ ಇಳಿಯಿತು, ಹೊಟ್ಟೆ ತುಂಬಿತು, ಮತ್ತು ಸ್ವರ ಹತ್ತತೊಡಗಿತು.

ಹತ್ತಿತು. ನಿಂತಿತು.

ನಾನು ಸಂಗೀತ ಬಲ್ಲವಳಲ್ಲ. ಇಷ್ಟು ಹೇಳಬಲ್ಲೆ: ಕರ್ಟ್ ವಿಕಿ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ. ಬಾಗಿಲ ಕಡೆ ಏನೋ ಸರಿದಂತಾಗಿ ತಿರುಗಿದರೆ ಬೆನ್ನಿನ ಚೀಲ ಸಮೇತ ಗಿಸ್ಲರ್ ನಿಂತಿದ್ದರು, ಗುಡ್ಡ ಹತ್ತಿದ ಏದುಸಿರು ಕೇಳಿಸದಿರಲೆಂದು ಬಾಯಿಗೆ ಟೊಪ್ಪಿ ಒತ್ತಿಕೊಂಡು. ಸ್ವರ ಅಷ್ಟೆತ್ತರದಲ್ಲೇ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಯಾವಾಗ ಮುಗಿಯಿತೆಂದು ತಿಳಿಯದಂತೆ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮವರು ಅಷ್ಟು ಬೇಗ ತಟ್ಟುವವರಲ್ಲ. ಇಂಬೋಡನ್ ಅವಳ ಬಾಯಿಯನ್ನೇ ನೋಡುತ್ತಿದ್ದ, ಎಲ್ಲೋ ಒಂದು ಹುಳುಕು ಇರಲೇಬೇಕು ಎನ್ನುವಂತೆ.

"ಕೊನೇದು..." ಎಂದ. "ತಪ್ಪು ತಿಳ್ಕೋಬೇಡಿ, ಫ್ರೌ ಎಗ್ಲಿ. ಅದೃಷ್ಟಕ್ಕೂ ಒಂದೊಂದ್ಸಲ ಹಾಗೆ ಬಂದ್ಬಿಡುತ್ತೆ."

"ಬರುತ್ತೆ," ಎಂದಳು ಮಾರ್ಗ್ರಿಟ್. ಕಾರ್ನೆಟ್ಟಿನ ಕೊಳವೆಯಲ್ಲಿ ನಿಂತ ನೀರನ್ನು ನಿಧಾನವಾಗಿ ನೆಲಕ್ಕೆ ಚೆಲ್ಲಿದಳು. "ಇನ್ನೊಂದ್ಸಲ ತಗೊಳ್ಳಿ."

ಮತ್ತೆ ಊದಿದಳು, ಈ ಸಲ ಹಾಡಿನ ಕೊನೆಯ ಸಾಲು ಮಾತ್ರ, ಕಣ್ಣು ಮುಚ್ಚದೆ, ಅವನನ್ನೇ ನೋಡುತ್ತ. ಆಮೇಲೆ ಯಾರೂ ಹೇಳುವುದನ್ನು ಕಾಯದೆ ಮೊದಲ ಕುರ್ಚಿಗೆ ಹೋಗಿ ಕೂತಳು. ಮುಂಚಿನವನು ಉದ್ದ ಮನುಷ್ಯ. ಅವನ ಹಾಡಿನ ಹಾಳೆಯ ಸ್ಟ್ಯಾಂಡು ಅವಳ ಹಣೆಯ ಮಟ್ಟಕ್ಕಿತ್ತು. ತಿರುಪು ಸಡಿಲಿಸಿ ಅದನ್ನು ತನ್ನ ಎತ್ತರಕ್ಕೆ ಇಳಿಸಿದಳು, ಬಿಗಿಯಾಗಿ ತಿರುಗಿಸಿ ನಿಲ್ಲಿಸಿದಳು.

"ಕರ್ಟ್, ಕಾಲು ತೆಗಿ," ಎಂದಳು. "ನನಗೆ ಜಾಗ ಬೇಕು."