ಸೊಪ್ಪು ಹಾಕದ ಸಾಧನೆ

ಕೀಬೋರ್ಡಿನ ಅರ್ಧ ಅಕ್ಷರ ಸವೆದೇ ಹೋಗಿವೆ, ಮಳವಳ್ಳಿಯ ನಿರುದ್ಯೋಗಿಗಳೆಲ್ಲ ಈ ಸೈಬರಿನಲ್ಲೇ ಕೂತು ಅರ್ಜಿ ಕುಟ್ಟಿದ್ದಾರೆ, ಸಾಧನೆ ಅನ್ನುವ ಕಾಲಮ್ಮಿಗೆ ಅವರೆಲ್ಲ ಅದೇನು ಬರೆದಿದ್ದರೋ ಎಂದು ದೀಪಿಕಳಿಗೆ ಮೈ ಉರಿಯಿತು — ಅಂಗಡಿಯ ಶಶಿಧರ್, ಸೋದರಮಾವನ ಮಗ, ಹಿಂದಿನಿಂದ ಬಗ್ಗಿ, ಇದೇನಮ್ಮೀ, ಚಾಕಿ ಸೆಂಟ್ರಲ್ಲಿ ಕೆಲ್ಸ ಮಾಡ್ದೆ ಅಂತ ಬರ್ದಿದ್ದೀಯ, ಕೆಲ್ಸ ಎಲ್ರೂ ಮಾಡ್ತಾರೆ, ನೀನೇನು ಕಡ್ದು ಕಟ್ಟೆ ಆಕ್ದೆ ಅದ ಬರಿ, ನಂಬರ್ ಆಕು, ಅಂದ. ಏನಂತ ಬರೆಯುವುದು, ಮರಿ ರೇಷ್ಮೆಹುಳವನ್ನು ಪೊರೆ ಕಳಚುವ ಎರಡನೇ ಜ್ವರ ದಾಟುವವರೆಗೆ ಕೂಸಿನ ಹಾಗೆ ಸಾಕಿ ರೈತರ ಕೈಗೆ ಕೊಡುವುದು, ಅಷ್ಟೇ ತಾನೆ, ಹುಳದ ಮನೆಯಲ್ಲಿ ಹುಟ್ಟಿದವಳು ಬಾಯಿಬಿಟ್ಟು ಚೆನ್ನಾಗಿದೆ ಅನ್ನುವುದುಂಟೇ, ಚಿಕ್ಕವಳಿದ್ದಾಗ ದಾರಿಹೋಕನೊಬ್ಬನಿಗೆ ನಮ್ ಹುಳ ಚೆಂದಾಗವೆ ಅಂದದ್ದಕ್ಕೆ ಅಜ್ಜಿ ಚಿಕ್ಕಬೋರಮ್ಮ ಕೆನ್ನೆಗೆ ಬಿಟ್ಟಿದ್ದಳು, ಕಣ್ಣು ಬೀಳ್ತದೆ ಕಣೇ, ಗೂಡು ಮಾರೋಗಂಟ ಏನೋ ಅವೆ ಅನ್ಬೇಕು — ಆ ಏನೋ ಅವೆ ನಾಲಿಗೆಗೆ ಅಂಟಿಕೊಂಡಿದೆ, ಏನೋ ಮಾಡಿದ್ದೇನೆ ಅಂತ ಬರೆದರೆ ರೇಷ್ಮೆ ಮೊಟ್ಟೆ ಮಾರುವ ಕಂಪನಿಯವರು ಕೆಲಸಕ್ಕೆ ಯಾಕೆ ಕರೆಯುತ್ತಾರೆ, ಇವತ್ತೇ ಕೊನೆ ದಿನ, ಇದು ತಪ್ಪಿದರೆ ಮತ್ತೆ ಸೆಂಟರಿನ ಆ ಯಜಮಾನ ಶಿವರಾಮು ಕೈಕೆಳಗೇ ಬಿದ್ದಿರಬೇಕು. ಹೋದ ಬೆಳೆಯಲ್ಲಿ ಹುಳ ಜ್ವರಕ್ಕೆ ಕೂತು, ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದಾಗ ಸೊಪ್ಪಿನ ಕುಕ್ಕೆ ಹೊತ್ತು ಬಂದಿದ್ದ, ನಾಳೆ ರೈತ್ರು ಬತ್ತಾರೆ, ಸೊರಗ್ದಂಗವೆ, ಆಕಮ್ಮೀ ಸೊಪ್ಪ — ಅವಳು ಅಡ್ಡ ನಿಂತಳು, ಎಲ್ಲಾ ಏಳ್ಲಿ ಸಾರ್, ಮೊದ್ಲು ಎದ್ದವೇ ತಿಂದ್ರೆ ತಡ್ವಾಗಿ ಎದ್ದವು ಇಂದಕ್ಕೇ ಉಳೀತವೆ — ಎಲ್ಲ ಒಟ್ಟಿಗೆ ಎದ್ದವು, ಯಾರ ಬೆಳೆಯೂ ಕೆಡಲಿಲ್ಲ, ಭಾರತೀನಗರದ ರೈತರು ಹಾರ ತಂದು ಹಾಕಿದ್ದು ಶಿವರಾಮು ಕೊರಳಿಗೆ, ಹಾರದ ಮೇಲೆ ಅವನ ಹಲ್ಲು, ಥೂ. ಸೊಪ್ಪು ಹಾಕದೆ ಇದ್ದದ್ದು ಯಾವ ಸೀಮೆ ಸಾಧನೆ, ಬೇಗ ಕಣಮ್ಮೀ, ಕರೆಂಟು ಓಯ್ತದೆ ಅನ್ನುತ್ತಾನೆ ಶಶಿಧರ್, ಅವಳು ಹಲ್ಲು ಕಚ್ಚಿ ಕುಟ್ಟುತ್ತಾಳೆ, ಎರಡನೇ ಜ್ವರದಲ್ಲಿ ಮೇವು ತಡೆದು ಇಡೀ ಬ್ಯಾಚನ್ನು ಒಟ್ಟಿಗೆ ಎಬ್ಬಿಸಿದೆ, ಬೆಳೆ ಕಳೆದುಕೊಂಡ ರೈತರು ಸೊನ್ನೆ — ಸೊನ್ನೆಯ ಮೇಲೆ ಬೆರಳು ನಿಂತಿತು, ಈ ಹೊತ್ತಿಗೆ ಸರಿಯಾಗಿ ಸೆಂಟರಿನಲ್ಲಿ ಹೊಸ ಹುಳ ಎರಡನೇ ಜ್ವರಕ್ಕೆ ಕೂತಿವೆ, ಹದಿನೈದು ಮನೆಯವರು ಅದನ್ನೇ ನಂಬಿದ್ದಾರೆ, ಗೂಡು ಇನ್ನೂ ಕಟ್ಟಿಲ್ಲ, ಅಜ್ಜಿ ಇದ್ದಿದ್ದರೆ ಕೆನ್ನೆಗೇ ಬಿಡುತ್ತಿದ್ದಳು, ಇರಲಿ, ಮಾಡಿದವಳು ನಾನೇ ತಾನೆ, ಕಳಿಸುವ ಗುಂಡಿ ಒತ್ತಿಬಿಟ್ಟಳು, ಅರ್ಜಿ ಹೋಯಿತು, ಓಯ್ತಾ ಅಂದ ಶಶಿಧರ್, ಅವಳ ಕಣ್ಣಮುಂದೆ ಸೆಂಟರಿನ ತಟ್ಟೆ ತುಂಬ ಹುಳ, ಮೇವು ಬಿಟ್ಟು, ಅಲ್ಲಾಡದೆ, ತಲೆ ಎತ್ತಿ, ಅಷ್ಟೂ ತಲೆ ಎತ್ತಿ